ಷಿಕಾಗೋ ನಗರದ ಬಾಲಾಪರಾಧಿಗಳೂ ಕ್ಲಿಫರ್ಡ್ ಶಾ ಅವರೂ

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯೂ "ಸಹವಾಸದೋಷದಿಂದ ಸನ್ಯಾಸಿ ಕೆಟ್ಟ" ಎಂಬ ಗಾದೆಯೂ ಕನ್ನಡನಾಡಿನ ಮನೆಮನೆಗಳಲ್ಲಿ ಕೇಳಿಬರತಕ್ಕವು. ಮನುಷ್ಯನ ಗುಣಾವಗುಣಗಳು ಹುಟ್ಟಿನೊಡನೆಯೇ ಬಂದಿರುವುವೆಂಬುದು ಮೊದಲನೆಯದರ ತಾತ್ಪರ್ಯ. ಅವನನ್ನು ತಿದ್ದುವುದೂ ಕೆಡಿಸುವುದೂ ನೆರೆಹೊರೆಯೇ ಎಂಬುದು ಎರಡನೆಯದರ ತಾತ್ಪರ್ಯ. ಹಿರಿಯರು ಸಮಯಕ್ಕೆ ತಕ್ಕಂತೆ ಎರಡನ್ನೂ ಬಳಸುವರು; ಎರಡರಲ್ಲಿ ಯಾವುದು ಎಷ್ಟರಮಟ್ಟಿಗೆ ನಿಜವೆಂದು ಅಳೆದು ನೋಡುವ ಗೊಡವೆಗೆ ಯಾರೂ ಹೋಗುವುದಿಲ್ಲ. ಸಂಸಾರದಲ್ಲಿ ಇದರಿಂದ ಅಷ್ಟೇನೂ ಹಾನಿಯಿಲ್ಲ. ಆದರೆ ಕದ್ದು ಸಿಕ್ಕಿಬಿದ್ದ ಹತ್ತು ವರ್ಷದ ಹುಡುಗನೊಬ್ಬನು ನ್ಯಾಯಾಧಿಪತಿಯ ಮುಂದೆ ನಿಂತಾಗ ಎರಡು ಗಾದೆಗಳಿಂದಲೂ ಏಕಕಾಲದಲ್ಲಿ ಕೆಲಸ ನಡೆಯದು. ಕೇಡು ಅವನ ರಕ್ತದಲ್ಲಿದ್ದರೆ ಸೆರೆಮನೆಯೊಂದೇ ಮಾರ್ಗ. ಅದು ಅವನ ಬೀದಿಯಲ್ಲಿದ್ದರೆ ಸೆರೆಮನೆಯಿಂದ ಬೀದಿಗೆ ಏನೂ ಆಗದು. ಈ ಪ್ರಶ್ನೆಯನ್ನು ತರ್ಕದಿಂದಲ್ಲದೆ ಎಣಿಕೆಯಿಂದ ಇತ್ಯರ್ಥಮಾಡಬೇಕೆಂದು ಹೊರಟು, ೩೦ ವರ್ಷಗಳಿಗೂ ಮೇಲ್ಪಟ್ಟು ಅದಕ್ಕಾಗಿಯೇ ದುಡಿದವರು ಅಮೆರಿಕದ ಷಿಕಾಗೋ ನಗರದ ಸಮಾಜಶಾಸ್ತ್ರಜ್ಞರಾದ ಕ್ಲಿಫರ್ಡ್ ಶಾ ಅವರು.

೧

ಶಾ ಅವರ ಕೆಲಸವನ್ನು ತಿಳಿಯಬೇಕಾದರೆ ಆ ನಗರದ ಸ್ಥಿತಿಯನ್ನು ಮೊದಲು ತಿಳಿಯಬೇಕು. ೧೮೪೦ರಲ್ಲಿ ಷಿಕಾಗೋ ಐದು ಸಾವಿರ ಜನರೂ ಇಲ್ಲದ ಒಂದು ಸಣ್ಣ ಊರಾಗಿದ್ದಿತು. ೧೮೭೧ರ ಮಹಾ ಅಗ್ನಿಪ್ರಳಯದಲ್ಲಿ ಅದರ ದೊಡ್ಡದೊಂದು ಭಾಗವು ಉರಿದುಹೋಯಿತು. ಆದರೂ ೧೮೯೦ರ ಖಾನೇಷುಮಾರಿಯ ವೇಳೆಗೆ ಅದರ ಜನಸಂಖ್ಯೆ ಹತ್ತು ಲಕ್ಷವನ್ನು ಮೀರಿದ್ದಿತು. ೧೯೩೦ರಲ್ಲಿ ೩೩ ಲಕ್ಷವನ್ನು ದಾಟಿತು. ರೈಲುದಾರಿಗಳೆಲ್ಲವೂ ಬಂದು ಸೇರುವ ಆ ಊರಿನಲ್ಲಿ ದನಗಳನ್ನು ಕಡಿದು ಮಾಂಸವನ್ನು ದೇಶಾಂತರಗಳಿಗೆ ಕಳುಹಿಸುವ ದೊಡ್ಡ ದೊಡ್ಡ ಕಾರ್ಖಾನೆಗಳೂ, ಸರೋವರದ ದಡದಲ್ಲಿ ಉಕ್ಕಿನ ಕುಲುಮೆಗಳೂ ಎದ್ದುವು. ಇವುಗಳಲ್ಲಿ ದುಡಿಯುವುದಕ್ಕೆ ಯೂರೋಪಿನಿಂದ ಬಡವರು ಅಲೆಯಲೆಯಾಗಿ ಬಂದರು. ಮೊದಲು ಐರ್ಲೆಂಡಿನವರು, ಜರ್ಮನರು, ಸ್ವೀಡನ್ನಿನವರು. ಅನಂತರ ಪೋಲೆಂಡಿನವರು, ಇಟಲಿಯವರು, ಬೊಹೀಮಿಯದವರು. ಮೊದಲನೆಯ ಮಹಾಯುದ್ಧದ ಕಾಲದಿಂದೀಚೆಗೆ ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಕರಿಯ ಜನರು. ಹೀಗೆ ಬಂದವರೆಲ್ಲರೂ ಮೊದಲು ಇಳಿದುಕೊಳ್ಳುತ್ತಿದ್ದುದು ಬಾಡಿಗೆ ಅಗ್ಗವಾಗಿದ್ದ ಹಳೆಯ ಕೇರಿಗಳಲ್ಲಿಯೇ.

ಇಂತಹ ಊರಿನಲ್ಲಿ ಬೀದಿಯ ಮಕ್ಕಳ ಪ್ರಶ್ನೆ ಬಹುಬೇಗ ತಲೆದೋರಿತು. ೧೮೮೯ರಲ್ಲಿ ಹಲ್ ಹೌಸ್ ಎಂಬ ಸೇವಾಗೃಹವನ್ನು ಸ್ಥಾಪಿಸಿದ ಜೇನ್ ಆಡಮ್ಸ್ ಮೊದಲಾದ ಮಹಿಳೆಯರು, ಮಕ್ಕಳನ್ನು ದೊಡ್ಡವರೊಡನೆ ಸೆರೆಯಲ್ಲಿ ಇಡುವ ಪದ್ಧತಿಯನ್ನು ಕಂಡು ಮರುಗಿ, ಅದನ್ನು ತಪ್ಪಿಸಲು ಪ್ರಯತ್ನಪಟ್ಟರು. ಅದರ ಫಲವಾಗಿ ೧೮೯೯ರಲ್ಲಿ ಅಮೆರಿಕದ ಮೊದಲನೆಯ ಬಾಲನ್ಯಾಯಾಲಯವು ಷಿಕಾಗೋವನ್ನೊಳಗೊಂಡ ಕುಕ್ ಕೌಂಟಿಯಲ್ಲಿ ಸ್ಥಾಪಿತವಾಯಿತು. ಹುಡುಗರು ಏತಕ್ಕೆ ಕೆಡುವರೆಂಬುದನ್ನು ಪರೀಕ್ಷಿಸಲು ೧೯೦೯ರಲ್ಲಿ ವೈದ್ಯರಾದ ವಿಲಿಯಂ ಹೀಲಿಯವರ ನೇತೃತ್ವದಲ್ಲಿ ಒಂದು ಸಂಸ್ಥೆಯೂ ಏರ್ಪಟ್ಟಿತು. ಮುಂದೆ ಅದಕ್ಕೆ ಜುವೆನೈಲ್ ರಿಸರ್ಚ್ ಸಂಸ್ಥೆ ಎಂದು ಹೆಸರಾಯಿತು. ಅಲ್ಲಿ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಅವರ ದೇಹವನ್ನೂ ಬುದ್ಧಿಯನ್ನೂ ಮನಸ್ಸನ್ನೂ ಪರೀಕ್ಷಿಸುತ್ತಿದ್ದರು. ರೋಗಿಯನ್ನು ವೈದ್ಯನು ನೋಡುವಂತೆ ನೋಡುತ್ತಿದ್ದರೇ ಹೊರತು ಅವನು ಬಂದ ಬೀದಿಯ ಕಡೆಗೆ ಅಷ್ಟಾಗಿ ಯಾರ ದೃಷ್ಟಿಯೂ ಹೋಗಿರಲಿಲ್ಲ.

ಇನ್ನು ಸಾಮಾನ್ಯ ಜನರ ಅಭಿಪ್ರಾಯವು ಬೇರೆಯಾಗಿದ್ದಿತು. ಕಳ್ಳತನವೂ ಪುಂಡಾಟವೂ ಹೊಸದಾಗಿ ಬಂದವರ ಜಾತಿಗುಣವೆಂದು ಅವರು ನಂಬಿದ್ದರು. ದಕ್ಷಿಣ ಮತ್ತು ಪೂರ್ವ ಯೂರೋಪಿನ ಜನರು ಕೀಳು ರಕ್ತದವರೆಂದು ಪಂಡಿತರೆನ್ನಿಸಿಕೊಂಡ ಕೆಲವರು ಪುಸ್ತಕಗಳನ್ನೇ ಬರೆದಿದ್ದರು. ಈ ಮಾತು ಪುಸ್ತಕದಲ್ಲಿಯೇ ಉಳಿಯಲಿಲ್ಲ. ೧೯೨೪ರಲ್ಲಿ ಅಮೆರಿಕದ ಶಾಸನಸಭೆಯು ಆ ದೇಶಗಳಿಂದ ಬರುವವರ ಸಂಖ್ಯೆಯನ್ನು ಬಹುಮಟ್ಟಿಗೆ ಕಡಿಮೆಮಾಡುವ ಕಾಯಿದೆಯನ್ನು ಅಂಗೀಕರಿಸಿತು. ಏಷ್ಯದವರಿಗಂತೂ ಬಾಗಿಲನ್ನೇ ಮುಚ್ಚಿತು. ಆದುದರಿಂದ ಹುಡುಗನು ಕೆಡುವುದು ಜಾತಿಯಿಂದಲೋ ನೆಲೆಯಿಂದಲೋ ಎಂಬುದು ಅಂದು ಕೇವಲ ವಿದ್ವಾಂಸರ ವಿನೋದವಾಗಿರಲಿಲ್ಲ. ಲಕ್ಷಾಂತರ ಸಂಸಾರಗಳ ಭವಿಷ್ಯವು ಅದರ ಉತ್ತರವನ್ನು ಅವಲಂಬಿಸಿದ್ದಿತು.

೨

ಶಾ ಅವರು ನಗರದವರಲ್ಲ. ಅವರು ಹುಟ್ಟಿದುದು ೧೮೯೫ರಲ್ಲಿ, ಇಂಡಿಯಾನಾ ಸಂಸ್ಥಾನದ ಲೂರೆ ಎಂಬ ಕುಗ್ರಾಮದಲ್ಲಿ, ಮಕ್ಕಳೊಂದಿಗರಾದ ಒಕ್ಕಲು ಮನೆತನದಲ್ಲಿ. ಓದನ್ನು ನಡುವೆಯೇ ಬಿಟ್ಟು ಹೊಲದಲ್ಲಿ ದುಡಿದು, ಅನಂತರ ಪಾದ್ರಿಯಾಗಬೇಕೆಂಬ ಉದ್ದೇಶದಿಂದ ಮಿಷಿಗನ್ನಿನ ಏಡ್ರಿಯನ್ ಕಾಲೇಜನ್ನು ಸೇರಿದರು. ಆದರೆ ಆ ಉದ್ದೇಶವು ಅವರಲ್ಲಿ ಬಹುಕಾಲ ನಿಲ್ಲಲಿಲ್ಲ. ತಮ್ಮ ಬಾಲ್ಯದ ಒಂದು ಸಂಗತಿಯನ್ನು ಅವರು ಮುಂದೆ ಸ್ನೇಹಿತರಿಗೆ ಹೇಳುತ್ತಿದ್ದರಂತೆ. ಆಟದ ಗಾಡಿಯೊಂದನ್ನು ಸರಿಮಾಡಿಕೊಳ್ಳುವುದಕ್ಕಾಗಿ ಬಾಲಕನು ಊರ ಕಮ್ಮಾರನ ಅಂಗಡಿಯಿಂದ ಕೆಲವು ಕಬ್ಬಿಣದ ಬೋಲ್ಟುಗಳನ್ನು ಕದ್ದನು. ಕಮ್ಮಾರನು ಅವನನ್ನು ಹಿಡಿದು, ತಲೆಕೆಳಗಾಗಿ ಎತ್ತಿ ಅಲ್ಲಾಡಿಸಿದನು. ಕದ್ದ ಮಾಲೆಲ್ಲವೂ ಜೇಬಿನಿಂದ ನೆಲಕ್ಕೆ ಉದುರಿತು. ಆಮೇಲೆ ಅವನನ್ನು ಇಳಿಸಿ, ಗಾಡಿಯನ್ನು ಸರಿಮಾಡುವುದಕ್ಕೆ ತಾನೇ ನೆರವಾದನು. ಅಲ್ಲಿ ಪೋಲೀಸಿನವರಿಲ್ಲ, ನ್ಯಾಯಾಲಯವಿಲ್ಲ, ದಾಖಲೆಯಿಲ್ಲ. ಹುಡುಗನ ಹೆಸರು ಕೆಡಲಿಲ್ಲ, ಕದಿಯುವುದು ತಪ್ಪೆಂಬುದು ಮಾತ್ರ ಮನಸ್ಸಿಗೆ ನಾಟಿತು. ಅದೇ ಕೃತ್ಯವನ್ನು ಷಿಕಾಗೋದ ಹುಡುಗನು ಮಾಡಿದ್ದರೆ ಅವನ ಗತಿಯೇನಾಗುತ್ತಿದ್ದಿತೆಂಬ ಯೋಚನೆಯು ಶಾ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಯುದ್ಧಕಾಲದಲ್ಲಿ ನೌಕಾದಳವನ್ನು ಸೇರಿ ಹಿಂದಿರುಗಿದ ಮೇಲೆ, ೧೯೧೯ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದರು. ಸಮಾಜಶಾಸ್ತ್ರಕ್ಕೆಂದು ಪ್ರತ್ಯೇಕ ಶಾಖೆಯನ್ನು ೧೮೯೨ರಲ್ಲಿಯೇ ತೆರೆದ ಆ ವಿದ್ಯಾಪೀಠದಲ್ಲಿ ಆಗ ರಾಬರ್ಟ್ ಪಾರ್ಕ್ ಮತ್ತು ಅರ್ನೆಸ್ಟ್ ಬರ್ಜಸ್ ಎಂಬ ಇಬ್ಬರು ಆಚಾರ್ಯರು ನಗರವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಬೋಧಿಸುತ್ತಿದ್ದರು. ಶಾ ಅವರು ಓದಿನೊಡನೆ ಉದ್ಯೋಗವನ್ನೂ ಹಿಡಿದರು. ಸೇಂಟ್ ಚಾರ್ಲ್ಸಿನಲ್ಲಿದ್ದ ಸರ್ಕಾರದ ಬಾಲಕರ ಸುಧಾರಣಾಶಾಲೆಯಿಂದ ಬಿಡುಗಡೆಯಾದವರ ಮೇಲ್ವಿಚಾರಕರಾಗಿಯೂ, ಅನಂತರ ಬಾಲನ್ಯಾಯಾಲಯದ ಪ್ರೊಬೇಷನ್ ಅಧಿಕಾರಿಯಾಗಿಯೂ ಕೆಲಸಮಾಡಿದರು. ಹುಡುಗರ ಮನೆಗಳಿಗೆ ಹೋಗಿ ಬರುವುದೇ ಈ ಕೆಲಸದ ಮುಖ್ಯಭಾಗ. ಹಾಗೆ ಹೋಗಿ ಬರುತ್ತ, ತಾವು ಹತ್ತಬೇಕಾದ ಮೆಟ್ಟಿಲುಗಳು ಮತ್ತೆ ಮತ್ತೆ ಅದೇ ಕೆಲವು ಬೀದಿಗಳಲ್ಲಿರುವುದನ್ನು ಅವರು ಕಂಡರು.

೧೯೨೬ರಲ್ಲಿ ಅವರು ಜುವೆನೈಲ್ ರಿಸರ್ಚ್ ಸಂಸ್ಥೆಯ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಮಾರನೆಯ ವರ್ಷ ಹೆನ್ರಿ ಮೆಕೇ ಎಂಬವರು ಅವರನ್ನು ಸೇರಿಕೊಂಡರು. ಇವರೂ ದಕ್ಷಿಣ ಡಕೋಟಾದ ಒಕ್ಕಲಿಗರ ಮನೆಯಲ್ಲಿ ಹುಟ್ಟಿದವರು. ಶಾ ಅವರು ಮಾತುಗಾರರು, ಜನರನ್ನು ಒಲಿಸಿಕೊಳ್ಳಬಲ್ಲವರು. ಮೆಕೇ ಅವರು ಮಿತಭಾಷಿಗಳು, ಅಂಕಿಗಳನ್ನು ತಾಳ್ಮೆಯಿಂದ ಜೋಡಿಸಬಲ್ಲವರು. ಶಾಸ್ತ್ರಲೋಕದಲ್ಲಿ ಇವರಿಬ್ಬರ ಹೆಸರುಗಳು ಇಂದಿಗೂ ಜೊತೆಯಾಗಿಯೇ ಬರುತ್ತಿರುವುವು. ವಿನೋದವೆಂದರೆ, ಇವರಲ್ಲಿ ಒಬ್ಬರಿಗೂ ಡಾಕ್ಟರ್ ಪದವಿ ದೊರೆಯಲಿಲ್ಲ. ಅದಕ್ಕೆ ಅವಶ್ಯವಾಗಿದ್ದ ಪರಭಾಷೆಗಳ ಪರೀಕ್ಷೆಯನ್ನು ಇಬ್ಬರೂ ಪೂರೈಸಲಿಲ್ಲ. ಆದುದರಿಂದ ವಿಶ್ವವಿದ್ಯಾನಿಲಯದ ದೊಡ್ಡ ಪೀಠವು ಶಾ ಅವರಿಗೆ ಸಿಕ್ಕಲಿಲ್ಲ. ಜಾರ್ಜ್ ವಿಲಿಯಮ್ಸ್ ಕಾಲೇಜು ಮೊದಲಾದ ಕಡೆಗಳಲ್ಲಿ ಪಾಠಹೇಳುತ್ತ, ಸರ್ಕಾರದ ಸಂಸ್ಥೆಯ ನೌಕರರಾಗಿಯೇ ಅವರು ತಮ್ಮ ಆಯುಷ್ಯವನ್ನು ಕಳೆದರು.

೩

ಅವರು ಮಾಡಿದ ಮೊದಲ ಕೆಲಸವು ಹೇಳುವುದಕ್ಕೆ ಬಹು ಸುಲಭ. ಬಾಲನ್ಯಾಯಾಲಯದ ದಾಖಲೆಗಳನ್ನು ತೆಗೆದು, ಅಲ್ಲಿಗೆ ಬಂದ ಒಬ್ಬೊಬ್ಬ ಹುಡುಗನ ಮನೆಯನ್ನೂ ನಗರದ ಪಟದ ಮೇಲೆ ಒಂದೊಂದು ಚುಕ್ಕೆಯಿಂದ ಗುರುತಿಸಿದರು. ಆಮೇಲೆ ನಗರವನ್ನು ಸುಮಾರು ಚದರ ಮೈಲಿಗೆ ಒಂದರಂತೆ ಭಾಗಮಾಡಿ, ಪ್ರತಿಯೊಂದು ಭಾಗದಲ್ಲಿಯೂ ವಾಸಿಸುವ ಅದೇ ವಯಸ್ಸಿನ ಹುಡುಗರ ಒಟ್ಟು ಸಂಖ್ಯೆಯನ್ನು ಖಾನೇಷುಮಾರಿಯಿಂದ ತಿಳಿದು, ನೂರು ಹುಡುಗರಲ್ಲಿ ಎಷ್ಟು ಮಂದಿ ನ್ಯಾಯಾಲಯಕ್ಕೆ ಬಂದಿರುವರೆಂದು ಲೆಕ್ಕಹಾಕಿದರು. ಮಕ್ಕಳು ಹೆಚ್ಚಾಗಿರುವ ಕೇರಿಯಲ್ಲಿ ಅಪರಾಧಿಗಳೂ ಹೆಚ್ಚಾಗಿ ಕಾಣುವುದು ಸಹಜವಾದುದರಿಂದ ಚುಕ್ಕೆಗಳ ಎಣಿಕೆ ಮಾತ್ರವೇ ಸಾಲದೆಂದು ಈ ಲೆಕ್ಕವು ಅವಶ್ಯಕವಾಯಿತು. ಇದನ್ನು ಒಂದು ಬಾರಿ ಮಾಡಿ ಬಿಡಲಿಲ್ಲ. ೧೯೦೦ರಿಂದ ೧೯೦೬ರವರೆಗೆ ನ್ಯಾಯಾಲಯಕ್ಕೆ ಬಂದ ೮,೦೫೬ ಹುಡುಗರು, ೧೯೧೭ರಿಂದ ೧೯೨೩ರವರೆಗಿನ ೮,೧೪೧ ಹುಡುಗರು, ೧೯೨೭ರಿಂದ ೧೯೩೩ರವರೆಗಿನ ೮,೪೧೧ ಹುಡುಗರು, ಹೀಗೆ ಒಂದು ತಲೆಮಾರಿಗೂ ಹೆಚ್ಚಿನ ಕಾಲದ ಮೂರು ಪಟಗಳು ಸಿದ್ಧವಾದುವು. ಯಂತ್ರಗಣಕಗಳಿಲ್ಲದ ಆ ದಿನಗಳಲ್ಲಿ ಇದು ವರ್ಷಾನುಗಟ್ಟಲೆ ಕೈಯಿಂದ ಮಾಡಬೇಕಾದ ಕೆಲಸವಾಗಿದ್ದಿತು.

ನಗರವು ನಡುವಿನ ವ್ಯಾಪಾರಸ್ಥಾನದಿಂದ ಹೊರಕ್ಕೆ, ನೀರಿಗೆ ಎಸೆದ ಕಲ್ಲಿನ ಸುತ್ತ ಏಳುವ ಬಳೆಗಳಂತೆ, ವಲಯವಲಯವಾಗಿ ಬೆಳೆಯುವುದೆಂದು ಬರ್ಜಸ್ ಅವರು ೧೯೨೫ರಲ್ಲಿ ಪ್ರತಿಪಾದಿಸಿದ್ದರು. ಶಾ ಅವರ ಲೆಕ್ಕವು ಈ ವಲಯಗಳಿಗೆ ಸರಿಯಾಗಿ ಹೊಂದಿಕೊಂಡಿತು. ೧೯೨೭ರಿಂದ ೧೯೩೩ರವರೆಗಿನ ಪಟ್ಟಿಯಲ್ಲಿ ನಡುವಲಯದ ಪ್ರಮಾಣವು ನೂರಕ್ಕೆ ೯.೮ ಆಗಿದ್ದಿತು, ಹೊರಹೊರಗೆ ಹೋದಂತೆ ಅದು ಮೆಟ್ಟಲು ಮೆಟ್ಟಲಾಗಿ ಇಳಿದು, ಐದನೆಯ ವಲಯದಲ್ಲಿ ೧.೮ಕ್ಕೆ ಬಂದಿತು. ಅಪರಾಧವು ಹೆಚ್ಚಾಗಿದ್ದ ಕೇರಿಗಳಲ್ಲಿಯೇ ಶಾಲೆಗೆ ತಪ್ಪಿಸಿಕೊಳ್ಳುವವರೂ ಹೆಚ್ಚು, ಶಿಶುಮರಣವೂ ಹೆಚ್ಚು, ಕ್ಷಯರೋಗವೂ ಹೆಚ್ಚು. ಒಂದೇ ನೆಲದಲ್ಲಿ ಬೆಳೆದ ಹಲವು ಕಳೆಗಳಂತೆ ಈ ಅನಿಷ್ಟಗಳೆಲ್ಲವೂ ಒಟ್ಟಿಗೆ ಇದ್ದುವು.

ಆದರೆ ಪಟದ ನಿಜವಾದ ಬೆಲೆಯು ಇದಕ್ಕಿಂತಲೂ ಮುಂದಿನ ಒಂದು ಸಂಗತಿಯಲ್ಲಿ ಇರುವುದು. ಮೊದಲನೆಯ ಪಟದ ಕಾಲದಲ್ಲಿ ಒಳವಲಯದ ಕೇರಿಗಳಲ್ಲಿ ಐರಿಷರೂ ಜರ್ಮನರೂ ಇನ್ನೂ ಬಹುಮಂದಿ ಇದ್ದರು. ಮೂರನೆಯದರ ಕಾಲಕ್ಕೆ ಅವರ ಸ್ಥಳದಲ್ಲಿ ಇಟಲಿಯವರೂ ಪೋಲೆಂಡಿನವರೂ ಕರಿಯರೂ ಬಂದು ನೆಲೆಸಿದ್ದರು. ಜನರು ಬದಲಾದರು, ಕೇರಿಯ ಅಪರಾಧಪ್ರಮಾಣವು ಮಾತ್ರ ಇತರ ಕೇರಿಗಳಿಗೆ ಹೋಲಿಸಿದರೆ ಮೊದಲಿನಂತೆಯೇ ಮೇಲೆಯೇ ಉಳಿಯಿತು. ಅಷ್ಟೇ ಅಲ್ಲ, ಅಲ್ಲಿಂದ ಹೊರಟು ಒಳ್ಳೆಯ ಬಡಾವಣೆಗಳಿಗೆ ಹೋದ ಐರಿಷ್ ಮತ್ತು ಜರ್ಮನ್ ಸಂಸಾರಗಳ ಮಕ್ಕಳು ಹಿಂದಿನಂತೆ ನ್ಯಾಯಾಲಯಕ್ಕೆ ಬರುವುದು ನಿಂತಿತು. ಕೇಡು ರಕ್ತದಲ್ಲಿದ್ದಿದ್ದರೆ ಅದು ಆ ಜನರೊಡನೆಯೇ ಹೋಗಬೇಕಾಗಿದ್ದಿತು. ಹೋಗಲಿಲ್ಲ, ಕೇರಿಯಲ್ಲಿಯೇ ಉಳಿಯಿತು. ಹೀಗಿರಲು, ಜಾತಿಗುಣದ ವಾದಕ್ಕೆ ನಿಲ್ಲಲು ನೆಲೆಯೇ ಇಲ್ಲದಂತಾಯಿತು. ಈ ಸಿದ್ಧಾಂತವು ೧೯೨೯ರ "ಡೆಲಿಂಕ್ವೆನ್ಸಿ ಏರಿಯಾಸ್" ಎಂಬ ಗ್ರಂಥದಲ್ಲಿಯೂ, ೧೯೩೧ರಲ್ಲಿ ರಾಷ್ಟ್ರದ ಅಧ್ಯಕ್ಷರು ನೇಮಿಸಿದ ವಿಕರ್‌ಷ್ಯಾಮ್ ಆಯೋಗಕ್ಕೆ ಒಪ್ಪಿಸಿದ ವರದಿಯಲ್ಲಿಯೂ, ವಿಸ್ತಾರವಾಗಿ ೧೯೪೨ರ "ಜುವೆನೈಲ್ ಡೆಲಿಂಕ್ವೆನ್ಸಿ ಅಂಡ್ ಅರ್ಬನ್ ಏರಿಯಾಸ್" ಎಂಬ ಗ್ರಂಥದಲ್ಲಿಯೂ ಪ್ರಕಟವಾಯಿತು.

ಹಾಗಾದರೆ ನೆಲವೇ ಹುಡುಗರನ್ನು ಕೆಡಿಸುವುದೇ? ಹಾಗಲ್ಲವೆಂದು ಅವರು ವಿವರಿಸಿದರು. ನಗರದ ನಡುಭಾಗವು ಬೆಳೆಯುತ್ತಿರುವುದರಿಂದ ಅದರ ಸುತ್ತಲಿನ ನೆಲವು ಇಂದಲ್ಲ ನಾಳೆ ವ್ಯಾಪಾರಕ್ಕೆ ಹೋಗುವುದೆಂದು ಮನೆಗಳ ಒಡೆಯರು ರಿಪೇರಿಗೆ ಹಣ ಹಾಕುವುದಿಲ್ಲ. ಮನೆಗಳು ಕೆಡುವುವು, ಬಾಡಿಗೆ ಇಳಿಯುವುದು. ಬಡವರೂ ಹೊಸಬರೂ ಅಲ್ಲಿಗೆ ಬರುವರು. ನಾಲ್ಕು ಕಾಸು ಸೇರಿದೊಡನೆ ಬಿಟ್ಟುಹೋಗುವರು. ಹೀಗೆ ಬಂದುಹೋಗುವ ಜನರಲ್ಲಿ ಒಬ್ಬರ ಗುರುತು ಒಬ್ಬರಿಗಿರುವುದಿಲ್ಲ. ಹಳ್ಳಿಯಿಂದ ಬಂದ ತಂದೆತಾಯಿಗಳಿಗೆ ಆ ದೇಶದ ಭಾಷೆ ಬಾರದು. ಮಕ್ಕಳು ಬೀದಿಯಲ್ಲಿ ಬೇಗ ಕಲಿತುಬಿಡುವರು. ಅಂಗಡಿಯಲ್ಲಿಯೂ ಕಚೇರಿಯಲ್ಲಿಯೂ ಮಗನು ತಂದೆಯ ಪರವಾಗಿ ಮಾತನಾಡಬೇಕಾದಲ್ಲಿ ತಂದೆಯ ಮಾತಿಗೆ ಬೆಲೆ ಉಳಿಯುವುದು ಕಷ್ಟ. ಇತ್ತ ಹಿರಿಯ ಹುಡುಗರ ಗುಂಪು ಕಿರಿಯರಿಗೆ ಕದಿಯುವ ವಿದ್ಯೆಯನ್ನು ಆಟದಂತೆ ಕಲಿಸುವುದು. ಕದ್ದ ಮಾಲನ್ನು ಕೊಳ್ಳುವವರೂ ಪಕ್ಕದಲ್ಲಿಯೇ ಇರುವರು. ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಕುಲಕಸಬು ಇಳಿದುಬರುವಂತೆ ಅಪರಾಧವು ಹೀಗೆ ಬೀದಿಯ ಪರಂಪರೆಯಾಗಿ ಇಳಿದುಬರುವುದು. ಕಮ್ಮಾರನಿಲ್ಲದ ಊರು ಅದು.

೪

ಅಂಕಿಗಳು ಕೇರಿಯನ್ನು ತೋರಿಸಬಲ್ಲುವು, ಹುಡುಗನನ್ನು ತೋರಿಸಲಾರವು. ಶಾ ಅವರು ಇದನ್ನು ಬಲ್ಲವರಾಗಿದ್ದರು. ಆದುದರಿಂದ ಅಪರಾಧಿಗಳಿಂದಲೇ ಅವರವರ ಜೀವನಕಥೆಗಳನ್ನು ಬರೆಯಿಸುವ ಮತ್ತೊಂದು ಮಾರ್ಗವನ್ನೂ ಹಿಡಿದರು. ಹೀಗೆ ಸಂಗ್ರಹಿಸಿದ ಕಥೆಗಳಲ್ಲಿ ಜಗತ್ಪ್ರಸಿದ್ಧವಾದುದು ೧೯೩೦ರಲ್ಲಿ ಪ್ರಕಟವಾದ "ದಿ ಜ್ಯಾಕ್ ರೋಲರ್". ಕುಡಿದು ಮೈಮರೆತವರ ಜೇಬನ್ನು ದೋಚುವವನಿಗೆ ಆ ಬೀದಿಗಳಲ್ಲಿ ಆ ಹೆಸರಿದ್ದಿತು. ಕಥಾನಾಯಕನನ್ನು ಗ್ರಂಥದಲ್ಲಿ ಸ್ಟ್ಯಾನ್ಲಿ ಎಂದು ಕರೆದಿರುವರು. ಅದು ಇಟ್ಟ ಹೆಸರು, ನಿಜವಾದುದಲ್ಲ.

ಸ್ಟ್ಯಾನ್ಲಿ ಪೋಲೆಂಡಿನಿಂದ ಬಂದ ಕೂಲಿಗಾರನ ಮಗ. ದನಗಳನ್ನು ಕಡಿಯುವ ಕಾರ್ಖಾನೆಗಳ ಹಿಂದಣ ಕೇರಿಯಲ್ಲಿ ಬೆಳೆದವನು. ಎಳವೆಯಲ್ಲಿಯೇ ತಾಯಿ ತೀರಿಕೊಂಡಳು, ತಂದೆ ಕುಡುಕ, ಮಲತಾಯಿ ತನ್ನ ಮಕ್ಕಳಿಗೆ ಉಣಬಡಿಸಿ ಇವನನ್ನು ಕದ್ದು ತರಲು ಅಟ್ಟುವಳು. ಮನೆಯಿಂದ ಓಡಿಹೋಗುವನು, ಪೋಲೀಸಿನವರು ಹಿಡಿದು ತರುವರು, ಮತ್ತೆ ಓಡಿಹೋಗುವನು. ಪೋಲೀಸು ಠಾಣೆಯಲ್ಲಿ ಹೊಟ್ಟೆತುಂಬ ಊಟ ಸಿಕ್ಕುವುದಾಗಿ ಅಲ್ಲಿಯೇ ಅವನಿಗೆ ಮನೆಗಿಂತ ಸುಖವೆನ್ನಿಸುತ್ತಿದ್ದಿತು. ಅನಂತರ ಸೇಂಟ್ ಚಾರ್ಲ್ಸಿನ ಸುಧಾರಣಾಶಾಲೆ, ಆಮೇಲೆ ಪಾಂಟಿಯಾಕಿನ ಸೆರೆ, ಕೊನೆಗೆ ನಗರದ ಬಂದೀಖಾನೆ. ತಿದ್ದುವುದಕ್ಕೆಂದು ಕಟ್ಟಿದ ಒಂದೊಂದು ಮನೆಯೂ ಅವನಿಗೆ ಹಿಂದಿನದಕ್ಕಿಂತ ನುರಿತ ಗುರುಗಳನ್ನು ಒದಗಿಸಿತೆಂಬುದನ್ನು ಓದುವಾಗ ವಾಚಕರಿಗೆ ನಗೆಯೂ ಬರುವುದು, ನಾಚಿಕೆಯೂ ಆಗುವುದು.

ಶಾ ಅವರು ಈ ಹುಡುಗನನ್ನು ಕಥೆ ಬರೆಯಿಸಿಕೊಂಡು ಕೈಬಿಡಲಿಲ್ಲ. ಬಿಡುಗಡೆಯಾದ ಮೇಲೆ ಅವನ ಹಳೆಯ ಕೇರಿಗೆ ಹೋಗಗೊಡದೆ, ಬೇರೊಂದು ಬಡಾವಣೆಯಲ್ಲಿ ಕನಿಕರವುಳ್ಳ ಸಂಸಾರವೊಂದರಲ್ಲಿ ಅವನನ್ನು ಇರಿಸಿದರು. ಒಂದು ಕೆಲಸ ಬಿಟ್ಟರೆ ಮತ್ತೊಂದನ್ನು ಹುಡುಕಿಕೊಟ್ಟರು. ಇನ್ನೊಬ್ಬರ ಕೈಕೆಳಗೆ ತಲೆತಗ್ಗಿಸಿ ದುಡಿಯಲಾರದ ಸ್ವಭಾವ ಅವನದೆಂದು ಕಂಡು ಕೊನೆಗೆ ಮನೆಮನೆಗೆ ಹೋಗಿ ಸಾಮಾನು ಮಾರುವ ಉದ್ಯೋಗಕ್ಕೆ ಹಚ್ಚಿದರು. ಅದು ಅವನಿಗೆ ಹಿಡಿಸಿತು. ಅವನ ಮುಂದಿನ ಜೀವನವು ನಿಷ್ಕಳಂಕವಾಗಿದ್ದಿತೆಂದು ಹೇಳುವಂತಿಲ್ಲ. ೧೯೮೨ರಲ್ಲಿ ಜಾನ್ ಸ್ನಾಡ್‌ಗ್ರಾಸ್ ಎಂಬ ವಿದ್ವಾಂಸರು ಎಪ್ಪತ್ತು ದಾಟಿದ್ದ ಆ ಮುದುಕನ ಉತ್ತರಚರಿತ್ರೆಯನ್ನು ಅವನ ಬಾಯಿಂದಲೇ ತಿಳಿದು ಪ್ರಕಟಿಸಿದಾಗ, ದರೋಡೆಯ ಒಂದು ಯತ್ನವೂ, ಕೆಲವು ಕಾಲ ಮಾನಸಿಕ ರೋಗಿಗಳ ಆಸ್ಪತ್ರೆಯ ವಾಸವೂ, ಅಡಗದ ಮುಂಗೋಪವೂ ಬೆಳಕಿಗೆ ಬಂದುವು. ಆದರೂ ಹದಿನಾರರ ಪ್ರಾಯದಲ್ಲಿ ಅವನಿಗೆ ಹಾಕಿದ್ದಂತೆ ಕಾಣುತ್ತಿದ್ದ ದಾರಿಯನ್ನು ಅವನು ಹಿಡಿಯಲಿಲ್ಲವೆಂಬುದು ಸಾಮಾನ್ಯ ಸಂಗತಿಯಲ್ಲ.

೫

ಕಾರಣವು ಕೇರಿಯಲ್ಲಿದ್ದರೆ ಮದ್ದನ್ನೂ ಕೇರಿಯಲ್ಲಿಯೇ ಹುಡುಕಬೇಕು. ಒಬ್ಬ ಸ್ಟ್ಯಾನ್ಲಿಯನ್ನು ಬೇರೆ ಬಡಾವಣೆಗೆ ಸಾಗಿಸಬಹುದು. ಸಾವಿರಾರು ಹುಡುಗರನ್ನು ಸಾಗಿಸುವುದು ಸಾಧ್ಯವಲ್ಲ. ಈ ಯೋಚನೆಯಿಂದ ಶಾ ಅವರು ೧೯೩೨ರಲ್ಲಿ ಉಕ್ಕಿನ ಕಾರ್ಖಾನೆಗಳ ನೆರಳಿನಲ್ಲಿದ್ದ ಪೋಲಿಷ್ ಕೂಲಿಗಾರರ ರಸೆಲ್ ಸ್ಕ್ವೇರ್ ಎಂಬ ಬಡಾವಣೆಯಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ೧೯೩೪ರಲ್ಲಿ ಅದು ಷಿಕಾಗೋ ಏರಿಯಾ ಪ್ರಾಜೆಕ್ಟ್ ಎಂಬ ಹೆಸರಿನಿಂದ ನೋಂದಾವಣೆಯಾಗಿ ಬೇರೆ ಕೇರಿಗಳಿಗೂ ಹಬ್ಬಿತು.

ಇದರ ತತ್ತ್ವವು ಅಂದಿನ ದಾನಧರ್ಮ ಸಂಸ್ಥೆಗಳ ತತ್ತ್ವಕ್ಕೆ ವಿರುದ್ಧವಾಗಿದ್ದಿತು. ವಿದ್ಯಾವಂತರೂ ಹಣವಂತರೂ ಹೊರಗಿನಿಂದ ಬಂದು ಬಡವರನ್ನು ಉದ್ಧರಿಸುವುದು ಹಳೆಯ ಪದ್ಧತಿ. ಶಾ ಅವರಾದರೋ, ಕೇರಿಯವರು ತಮ್ಮ ಮಕ್ಕಳ ಭಾರವನ್ನು ತಾವೇ ವಹಿಸಬೇಕು, ಸಮಿತಿಯು ಅವರದಾಗಿರಬೇಕು, ಖರ್ಚಿನ ಮೇಲೆಯೂ ಅಧಿಕಾರವು ಅವರದಾಗಿರಬೇಕು, ಕೆಲಸಕ್ಕೆ ನೇಮಿಸುವವರೂ ಆ ಕೇರಿಯವರೇ ಆಗಿರಬೇಕು ಎಂದು ಹಟಹಿಡಿದರು. ಅಲ್ಲಿನ ಇಗರ್ಜಿಯ ಪಾದ್ರಿ, ಅಂಗಡಿಯವನು, ಕಾರ್ಖಾನೆಯ ಕೂಲಿಗಾರ, ಇವರೇ ಸಮಿತಿಯ ಸದಸ್ಯರು. ಒಮ್ಮೆ ಸೆರೆಯಲ್ಲಿದ್ದು ಬಂದವರನ್ನೂ ಅವರು ಹುಡುಗರ ಗುಂಪುಗಳ ಬಳಿಗೆ ಕಳುಹಿಸುತ್ತಿದ್ದರು. ಬೀದಿಯ ಮೂಲೆಯಲ್ಲಿ ನಿಂತ ಹುಡುಗನು ಕೇಳುವ ಮಾತು ಅಂತಹವರದೇ ಎಂಬುದು ಅವರ ನಂಬಿಕೆ. ಆಟದ ಬಯಲು, ಬೇಸಗೆಯ ಬಿಡಾರಗಳು, ನ್ಯಾಯಾಲಯದಲ್ಲಿ ಹುಡುಗನ ಪರವಾಗಿ ನಿಂತು ಹೊಣೆಯಾಗುವುದು, ಸೆರೆಯಿಂದ ಬಂದವನಿಗೆ ಕೆಲಸ ಕೊಡಿಸುವುದು, ಇವೇ ಅದರ ಮುಖ್ಯ ಕಾರ್ಯಗಳು. ಇಂಡಿಯಾನಾದ ಹಳ್ಳಿಯಲ್ಲಿ ಕಮ್ಮಾರನು ಮಾಡಿದುದನ್ನು ಕಾರ್ಖಾನೆಗಳ ಊರಿನಲ್ಲಿ ಹತ್ತು ಜನರು ಕೂಡಿ ಮಾಡುವಂತೆ ಏರ್ಪಡಿಸಿದುದೇ ಈ ಯೋಜನೆಯ ಸಾರವೆನ್ನಬಹುದು.

ವೃತ್ತಿನಿರತರಾದ ಸಮಾಜಸೇವಕರು ಇದನ್ನು ಮೆಚ್ಚಲಿಲ್ಲ. ತರಬೇತಿಯಿಲ್ಲದವರ ಕೈಗೆ ಮಕ್ಕಳನ್ನು ಒಪ್ಪಿಸುವುದು ಅಪಾಯವೆಂದರು. ಶಾ ಅವರ ಕೈಕೆಳಗೆ ದುಡಿಯುತ್ತಿದ್ದ ಸಾಲ್ ಅಲಿನ್ಸ್ಕಿ ಎಂಬ ತರುಣನಿಗೆ ತದ್ವಿರುದ್ಧವಾಗಿ ಈ ಮಾರ್ಗವು ತೀರ ಸೌಮ್ಯವೆಂದು ತೋರಿತು. ಮಾಂಸದ ಕಾರ್ಖಾನೆಗಳ ಹಿಂದಣ ಕೇರಿಗೆ ಕಳುಹಿಸಲ್ಪಟ್ಟ ಅವನು, ಹುಡುಗರ ಆಟಪಾಠಗಳಿಂದ ಸಾಲದು, ಕೂಲಿಗಾರರ ಸಂಘದೊಡನೆ ಸೇರಿ ಕಾರ್ಖಾನೆಯ ಒಡೆಯರೊಡನೆಯೂ ನಗರಸಭೆಯೊಡನೆಯೂ ಸೆಣಸಬೇಕೆಂದು, ೧೯೩೯ರಲ್ಲಿ ಜೋಸೆಫ್ ಮೀಗನ್ ಎಂಬವರೊಡಗೂಡಿ ಅಲ್ಲಿ ನೆರೆಹೊರೆಯವರ ಪರಿಷತ್ತನ್ನು ಕಟ್ಟಿ, ಶಾ ಅವರಿಂದ ಬೇರೆಯಾದನು. ಗುರುವು ಕೇರಿಯೊಳಗೆ ದೋಷವನ್ನು ಹುಡುಕಿದನು, ಶಿಷ್ಯನು ಕೇರಿಯ ಹೊರಗೆ ಹುಡುಕಿದನು. ಇಬ್ಬರೂ ಸ್ವಲ್ಪ ಸ್ವಲ್ಪ ನಿಜವನ್ನು ಕಂಡಿದ್ದರು.

೬

ಶಾ ಅವರು ೧೯೫೭ರಲ್ಲಿ ಕಾಲವಾದರು. ಮೆಕೇ ಅವರು ೧೯೮೦ರವರೆಗೆ ಬದುಕಿದ್ದರು. ಇವರ ಸಿದ್ಧಾಂತದ ಮೇಲೆ ಬಂದ ಆಕ್ಷೇಪಗಳನ್ನು ಹೇಳದೆ ಬಿಟ್ಟರೆ ಚರಿತ್ರೆಗೆ ಅಪಚಾರವಾಗುವುದು. ನ್ಯಾಯಾಲಯದ ದಾಖಲೆಯೆಂದರೆ ಹುಡುಗರು ಮಾಡಿದುದರ ದಾಖಲೆಯೊಂದೇ ಅಲ್ಲ, ಪೋಲೀಸಿನವರು ಮಾಡಿದುದರ ದಾಖಲೆಯೂ ಹೌದು. ಬಡವರ ಕೇರಿಯಲ್ಲಿ ಪೋಲೀಸಿನವರ ತಿರುಗಾಟ ಹೆಚ್ಚು. ಸಿರಿವಂತರ ಮಗನು ಅದೇ ತಪ್ಪನ್ನು ಮಾಡಿದರೆ ಮಾತು ಮನೆಯಲ್ಲಿಯೇ ಮುಗಿದುಹೋಗುವುದು. ಆದುದರಿಂದ ಪಟದ ಚುಕ್ಕೆಗಳು ಒಂದಿಷ್ಟು ವಕ್ರವಾಗಿರಬೇಕೆಂಬುದು ಮೊದಲನೆಯ ಆಕ್ಷೇಪ. ಕೇರಿಯ ಪ್ರಮಾಣದಿಂದ ಒಬ್ಬ ಹುಡುಗನ ಗುಣವನ್ನು ಊಹಿಸಲಾಗದೆಂಬುದು ಎರಡನೆಯದು. ಅತ್ಯಂತ ಕೆಟ್ಟ ಕೇರಿಯಲ್ಲಿಯೂ ನ್ಯಾಯಾಲಯದ ಮುಖವನ್ನು ಕಾಣದ ಹುಡುಗರೇ ಹೆಚ್ಚು ಮಂದಿಯಾಗಿದ್ದರು. ಹುಡುಗಿಯರ ವಿಷಯವು ಈ ಗ್ರಂಥಗಳಲ್ಲಿ ಬಹು ಅಲ್ಪವೆಂಬುದು ಮೂರನೆಯದು.

ಎಲ್ಲಕ್ಕಿಂತಲೂ ಗುರುತರವಾದ ಆಕ್ಷೇಪವು ಬೇರೊಂದಿದೆ. ಬಂದವರು ಕ್ರಮೇಣ ಏಳಿಗೆಹೊಂದಿ ಹೊರವಲಯಗಳಿಗೆ ಹೋಗುವರೆಂದು ಸಿದ್ಧಾಂತವು ಭಾವಿಸಿದ್ದಿತು. ಪೋಲೆಂಡಿನವನ ಮಗನಿಗೆ ಇದು ಸಾಧ್ಯವಾಯಿತು; ಕರಿಯನ ಮಗನಿಗೆ ಆಗಲಿಲ್ಲ. ಕರಿಯರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂಬ ಷರತ್ತುಗಳನ್ನು ಮನೆಗಳ ಕ್ರಯಪತ್ರಗಳಲ್ಲಿಯೇ ಬರೆದಿಡುತ್ತಿದ್ದರು. ಇಂತಹ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೆ ತರಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೪೮ರಲ್ಲಿ ತೀರ್ಪಿತ್ತರೂ ಗೋಡೆ ಒಮ್ಮೆಲೇ ಬೀಳಲಿಲ್ಲ. ಕೇರಿಯು ಕೆಟ್ಟುದು ನಗರದ ಸಹಜವಾದ ಬೆಳವಣಿಗೆಯಿಂದ ಮಾತ್ರವಲ್ಲ, ಮನುಷ್ಯರು ತಿಳಿದು ಮಾಡಿದ ಏರ್ಪಾಟುಗಳಿಂದಲೂ ಹೌದೆಂಬುದನ್ನು ಶಾ ಅವರು ಸಾಕಷ್ಟು ಬಿಡಿಸಿ ಹೇಳಲಿಲ್ಲ. ಕಾರ್ಖಾನೆಯ ಒಡೆಯರನ್ನೂ ಭೂಮಾಲಿಕರನ್ನೂ ಅವರ ಪಟವು ತೋರಿಸಲಿಲ್ಲ.

ಅವರ ಯೋಜನೆಯಿಂದ ಅಪರಾಧವು ಎಷ್ಟು ಇಳಿಯಿತೆಂಬುದನ್ನು ಕರಾರುವಾಕ್ಕಾಗಿ ಅಳೆಯುವುದು ಸಾಧ್ಯವಿಲ್ಲವೆಂದೂ, ಇಳಿದಿರುವ ಸಂಭವವೇ ಹೆಚ್ಚೆಂದೂ ಅವರ ಸಹೋದ್ಯೋಗಿಯಾಗಿದ್ದ ಸಾಲಮನ್ ಕೋಬ್ರಿನ್ ಅವರು ೧೯೫೯ರಲ್ಲಿ, ೨೫ ವರ್ಷಗಳ ಅನುಭವವನ್ನು ವಿಮರ್ಶಿಸುತ್ತ, ಬರೆದರು. ಅಳೆಯುವುದನ್ನೇ ಜೀವನವ್ರತವನ್ನಾಗಿ ಮಾಡಿಕೊಂಡವರ ಮುಖ್ಯ ಕಾರ್ಯವು ಅಳತೆಗೆ ಸಿಕ್ಕದೆ ಹೋದುದು ವಿಧಿಯ ವಿಲಾಸವೆನ್ನಬೇಕು.

ಕೆಲವು ಕಾಲ ಮರೆಯಾದಂತಿದ್ದ ಈ ವಿಚಾರವು ಶತಮಾನದ ಕೊನೆಯಲ್ಲಿ ಮತ್ತೆ ತಲೆಯೆತ್ತಿತು. ೧೯೯೭ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಅವರ ಸಹೋದ್ಯೋಗಿಗಳು ಅದೇ ಷಿಕಾಗೋದ ೩೪೩ ನೆರೆಹೊರೆಗಳಲ್ಲಿ ೮,೭೮೨ ನಿವಾಸಿಗಳನ್ನು ಪ್ರಶ್ನಿಸಿ ಒಂದು ಪರಿಶೋಧನೆಯನ್ನು ಪ್ರಕಟಿಸಿದರು. ಬೀದಿಯ ಹುಡುಗರು ಶಾಲೆಗೆ ತಪ್ಪಿಸಿಕೊಂಡು ನಿಂತಿದ್ದರೆ ನೆರೆಯವರು ಕೇಳುವರೇ, ಒಬ್ಬರನ್ನೊಬ್ಬರು ನಂಬುವರೇ ಎಂಬುದು ಅವರ ಪ್ರಶ್ನೆಗಳ ಬಗೆ. ಬಡತನವು ಸಮವಾಗಿದ್ದಾಗಲೂ, ಕೇಳುವವರೂ ನಂಬುವವರೂ ಇರುವ ನೆರೆಹೊರೆಯಲ್ಲಿ ಹಿಂಸಾಕೃತ್ಯಗಳು ಕಡಿಮೆಯೆಂದು ಕಂಡುಬಂದಿತು. ಲೂರೆಯ ಕಮ್ಮಾರನನ್ನು ಶಾಸ್ತ್ರವು ಕೊನೆಗೆ ಅಂಕಿಗಳಲ್ಲಿಯೂ ಕಂಡುಹಿಡಿಯಿತು.

ಭಾರತಕ್ಕೂ ಈ ವಿಚಾರಗಳ ಗಾಳಿಯು ಅಂದೇ ಬೀಸಿದ್ದಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳನ್ನೊಳಗೊಂಡಿದ್ದ ಮದರಾಸು ಪ್ರಾಂತದಲ್ಲಿ ೧೯೨೦ರಲ್ಲಿಯೂ, ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಪ್ರಾಂತಗಳು ಸೇರಿದ್ದ ಮುಂಬಯಿಯಲ್ಲಿ ೧೯೨೪ರಲ್ಲಿಯೂ ಮಕ್ಕಳ ಕಾಯಿದೆಗಳು ಆದುವು. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿಯೇ ಓದಿದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅವರು ೧೯೩೬ರಲ್ಲಿ ಮುಂಬಯಿಯಲ್ಲಿ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಸೇವಾ ವಿದ್ಯಾಲಯದ ಮೊದಲ ನಿರ್ದೇಶಕರಾದರು. ದೇಶದಲ್ಲಿ ಈ ಬಗೆಯ ಶಿಕ್ಷಣಕ್ಕೆ ಅದೇ ಮೊದಲನೆಯ ನೆಲೆ. ಆದರೂ ಒಂದೊಂದು ಜನಕ್ಕೆ ಕಳ್ಳತನವು ಹುಟ್ಟುಗುಣವೆಂದು ಕಾಯಿದೆಯಲ್ಲಿಯೇ ಬರೆದಿದ್ದ ದೇಶ ಇದು. ೧೮೭೧ರಲ್ಲಿ ಆರಂಭವಾದ ಆ ಅಪರಾಧಿ ಬುಡಕಟ್ಟುಗಳ ಕಾಯಿದೆಯು ರದ್ದಾದುದು ೧೯೫೨ರಲ್ಲಿ. ಷಿಕಾಗೋದ ಮೂರು ಪಟಗಳನ್ನು ಮುಂದಿಟ್ಟುಕೊಂಡು ನೋಡಿದರೆ ಆ ಕಾಯಿದೆಯ ಅಡಿಗಲ್ಲು ಎಷ್ಟು ಪೊಳ್ಳಾಗಿದ್ದಿತೆಂಬುದು ಸ್ಪಷ್ಟವಾಗುವುದು.

ಪದವಿಯಿಲ್ಲದ, ಪೀಠವಿಲ್ಲದ ಈ ವಿದ್ವಾಂಸರು ಲೋಕಕ್ಕೆ ತಿಳಿಸಿದುದು ಬಹು ಸಣ್ಣ ಮಾತು. ಕೆಟ್ಟ ಹುಡುಗನನ್ನು ಕಂಡಾಗ "ಇವನು ಯಾರ ಮಗ?" ಎಂದು ಕೇಳುವುದು ಎಲ್ಲ ದೇಶದ ಹಿರಿಯರ ವಾಡಿಕೆ. "ಇವನ ಮನೆ ಯಾವ ಬೀದಿಯಲ್ಲಿರುವುದು? ಅಲ್ಲಿ ಇವನನ್ನು ಕೇಳುವವರು ಯಾರಿರುವರು?" ಎಂದು ಅವರು ಕೇಳಿದರು. ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿದೊಡನೆ ಕೇಳಿದವನ ಕೆಲಸ ಮುಗಿಯುವುದು. ಎರಡನೆಯದಕ್ಕೆ ಉತ್ತರ ಸಿಕ್ಕಿದಲ್ಲಿಂದ ಅವನ ಕೆಲಸ ಆರಂಭವಾಗುವುದು.